ಚಿಲ್ಡ್ ಅಂದರೆ ಎಷ್ಟು ಡಿಗ್ರಿ?

ಮುಂಬಯಿಯ ಯಾವ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಕೂತರೂ ಬಿಯರಿನ ಹೆಸರಿಗಿಂತ ಮೊದಲು ಕಿವಿಗೆ ಬೀಳುವ ಮಾತು 'ಚಿಲ್ಡ್'. ಮರಾಠಿ ಗಿರಾಕಿ 'ಥಂಡ್ ಆಹೆ ಕಾ?' ಎನ್ನುತ್ತಾನೆ. ಊರಿನ ಕಡೆಯವರಾದರೆ 'ಅಣ್ಣ, ತಣ್ಣಗೆ ಉಂಟಾ?' ಎಂದು ಕೇಳುತ್ತಾರೆ. ವೇಟರ್ ಬಾಟಲಿ ತಂದಿಟ್ಟು 'ಮುಟ್ಟಿ ನೋಡಿ' ಎನ್ನುತ್ತಾನೆ. ಗಿರಾಕಿ ಎರಡು ಬೆರಳು ತಾಗಿಸಿ ತಲೆಯಾಡಿಸಿದ ಮೇಲೆಯೇ ಮುಚ್ಚಳ ತೆಗೆಯುವುದು. ಗೋವಾದ ವಾಸ್ಕೋ ಕಡೆ ಹೋದರೆ ಅದೇ ಪ್ರಶ್ನೆ 'ಥಣ್ಣಗ ಐತೇನ್ರಿ?' ಆಗುತ್ತದೆ, ಪರೀಕ್ಷೆ ಮಾತ್ರ ಬದಲಾಗುವುದಿಲ್ಲ.

ಈ ಬೆರಳಿನ ಪರೀಕ್ಷೆಯನ್ನು ನಂಬಬೇಡಿ. 32 ಡಿಗ್ರಿ ಸೆಕೆಯಲ್ಲಿ ಕೂತ ಕೈಗೆ 3 ಡಿಗ್ರಿಯ ಬಾಟಲಿಯೂ ತಣ್ಣಗೆ, 11 ಡಿಗ್ರಿಯ ಬಾಟಲಿಯೂ ತಣ್ಣಗೆ. ಅದರ ಮೇಲೆ, ಗಡಿಬಿಡಿಯಲ್ಲಿ ಫ್ರೀಜರಿಗೆ ತುರುಕಿ 20 ನಿಮಿಷಕ್ಕೆ ತೆಗೆದ ಬಾಟಲಿಯ ಗಾಜು ಕೊರೆಯುತ್ತಿರುತ್ತದೆ, ಒಳಗಿನ ಬಿಯರ್ ಇನ್ನೂ 16 ಡಿಗ್ರಿಯಲ್ಲಿ ಇರಬಹುದು. ಬೆರಳು ಗಾಜಿನ ಸುದ್ದಿ ಹೇಳುತ್ತದೆ, ಬಿಯರಿನದ್ದಲ್ಲ.

ಅಡುಗೆಗೆ ಬಳಸುವ, ಉದ್ದನೆಯ ಸ್ಟೀಲ್ ಸೂಜಿಯ ಡಿಜಿಟಲ್ ಥರ್ಮಾಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದನ್ನೇ ಪರೀಕ್ಷಿಸಿ: ಲೋಟದ ತುಂಬ ಜಜ್ಜಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಸುರಿದು, 2 ನಿಮಿಷ ಕಲಕಿ, ಸೂಜಿಯನ್ನು ಮಧ್ಯಕ್ಕೆ ಇಳಿಸಿ. 0 ತೋರಿಸಬೇಕು. 1 ಡಿಗ್ರಿ ಆಚೀಚೆ ತೋರಿಸಿದರೆ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಆಮೇಲೆ ಬಿಯರನ್ನು ಅಳೆಯುವುದು ಬಾಟಲಿಯಲ್ಲಲ್ಲ, ಸುರಿದ ಗ್ಲಾಸಿನಲ್ಲಿ, ಮೊದಲ ಗುಟುಕಿಗೆ ಮುಂಚೆ. ಕುಡಿಯುವ ಬಿಯರಿನ ಉಷ್ಣತೆ ಅದೇ. ಒಂದು ವಾರ ಹೀಗೆ ಅಳೆದರೆ ನಿಮಗೆ ಯಾವುದು ಹಿಡಿಸುತ್ತದೆ ಎಂಬುದು ಸಂಖ್ಯೆಯಾಗಿ ಗೊತ್ತಾಗುತ್ತದೆ. 'ಚಿಲ್ಡ್' ಎಂಬ ಒಂದೇ ಪದದಲ್ಲಿ ನಾವು ನಾಲ್ಕೈದು ಬೇರೆ ಬೇರೆ ಉಷ್ಣತೆಗಳನ್ನು ತುಂಬಿಟ್ಟಿದ್ದೇವೆ. ಒಂದು ಬಿಯರಿಗೆ ಸರಿಯಾದದ್ದು ಇನ್ನೊಂದನ್ನು ಕೊಲ್ಲುತ್ತದೆ.

ತಣ್ಣಗಾದಂತೆ ಬಾಯಲ್ಲಿ ಆಗುವುದು ಇಷ್ಟು. ಸಿಹಿಯ ಸುದ್ದಿಯನ್ನು ನಾಲಿಗೆಯಿಂದ ಮುಂದಕ್ಕೆ ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ತಣ್ಣಗಾದಷ್ಟೂ ಮಂದವಾಗುತ್ತದೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ಸಿಹಿ ಕುಗ್ಗುತ್ತದೆ. ಪರಿಮಳದ ಕಣಗಳು ಬಿಯರಿನಿಂದ ಮೇಲೇಳುವುದು ಕಡಿಮೆಯಾಗಿ ಮೂಗಿಗೆ ಏನೂ ಸಿಗುವುದಿಲ್ಲ. ಗ್ಯಾಸಿನ ಚುರುಕು ಮಾತ್ರ ತಣ್ಣಗಿದ್ದಾಗ ಹೆಚ್ಚು ಅನ್ನಿಸುತ್ತದೆ. ಹಾಗಾಗಿ ಚುರುಕೇ ಮುಖ್ಯವಾದ ಬಿಯರಿಗೆ ಚಳಿ ಒಳ್ಳೆಯದು, ಪರಿಮಳವೇ ಮುಖ್ಯವಾದದ್ದಕ್ಕೆ ಕೆಟ್ಟದ್ದು.

ನಮ್ಮಲ್ಲಿ ಹೆಚ್ಚು ಓಡುವುದು ಎರಡು: 5% ಒಳಗಿನ ಮೈಲ್ಡ್, 8% ಒಳಗಿನ ಸ್ಟ್ರಾಂಗ್. ಎರಡೂ ಲಾಗರ್ ಜಾತಿಯವು, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದವು. ಮೈಲ್ಡನ್ನು ಗ್ಲಾಸಿನಲ್ಲಿ 4ರಿಂದ 6 ಡಿಗ್ರಿಗೆ ಕುಡಿಯಬೇಕು. ಸ್ಟ್ರಾಂಗನ್ನು 3ರಿಂದ 5ಕ್ಕೆ. ಸ್ಟ್ರಾಂಗ್ 10 ಡಿಗ್ರಿ ದಾಟಿದರೆ ಮದ್ಯಸಾರದ ಉರಿ ಮೂಗಿಗೆ ಹೊಡೆಯುತ್ತದೆ, ಹಿಂದೆಯೇ ಅಂಟಂಟಾದ ಸಿಹಿ ಬರುತ್ತದೆ. ಪರ್ಮಿಟ್ ರೂಮಿನ ಗಿರಾಕಿ ಕೊರೆಯುವ ಬಿಯರಿಗೆ ಹಟ ಹಿಡಿಯುವುದು ರುಚಿ ತಿಳಿಯದೆ ಅಲ್ಲ. ಅವನು ಕುಡಿಯುವ ಬಿಯರ್ ಆ ಚಳಿಯಲ್ಲೇ ಚೆನ್ನಾಗಿರುತ್ತದೆ. ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ಕುಡಿದು ಬಂದವರು ಅವನಿಗೆ ಪಾಠ ಹೇಳುವ ಅಗತ್ಯವಿಲ್ಲ.

ಗೋಧಿ ಬಿಯರ್ ಬೇರೆ. ಜರ್ಮನ್ ಬಗೆಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆಯೇ ಜೀವ. ಅದು ತೆರೆದುಕೊಳ್ಳುವುದು 7ರಿಂದ 9ರಲ್ಲಿ. ಕಹಿ ತುಸು ಹೆಚ್ಚಿರುವ ಲಾಗರ್ ಆದ ಪಿಲ್ಸನರಿಗೆ 6ರಿಂದ 7. ಹಾಪ್ಸ್ ಹೂವಿನ ಪರಿಮಳ ಎದ್ದು ಕಾಣುವ ಪೇಲ್ ಏಲ್, ಐಪಿಎಗಳಿಗೆ 8ರಿಂದ 10. ಗೋವಾ ಬ್ರೂಯಿಂಗ್ ಕಂಪನಿಯ ಏಯ್ಟ್ ಫಿಂಗರ್ ಎಡ್ಡಿಯಂಥ ಐಪಿಎಯನ್ನು 3 ಡಿಗ್ರಿಯಲ್ಲಿ ಕುಡಿದರೆ ಬಾಯಿಗೆ ಸಿಗುವುದು ಒರಟು ಕಹಿ ಮಾತ್ರ, ಕೊಟ್ಟ ದುಡ್ಡು ಹಾಪ್ಸಿನ ಪರಿಮಳಕ್ಕೆ. ಕಪ್ಪಗೆ ಹುರಿದ ಕಾಳಿನ ಬಿಯರಾದ ಸ್ಟೌಟಿಗೆ 8ರಿಂದ 12. ಹಬೆಯಾಡುವ ಕಾಫಿಗೂ ಕೋಲ್ಡ್ ಕಾಫಿಗೂ ಇರುವಷ್ಟೇ ದೂರ 4 ಡಿಗ್ರಿಯ ಸ್ಟೌಟಿಗೂ 11 ಡಿಗ್ರಿಯದ್ದಕ್ಕೂ ಇದೆ.

ಬೇರೆ ದೇಶದವರ ಅಭ್ಯಾಸವನ್ನೂ ಬಿಯರಿನ ಜಾತಿಯ ಜೊತೆಗಿಟ್ಟೇ ನೋಡಬೇಕು. ಇಂಗ್ಲಿಷರು ಬಿಸಿ ಬಿಯರ್ ಕುಡಿಯುತ್ತಾರೆ ಎನ್ನುವುದು ತಪ್ಪು. ಪೀಪಾಯಿಯಿಂದಲೇ ಸುರಿಯುವ ಅವರ ಕಾಸ್ಕ್ ಏಲ್ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿರುತ್ತದೆ. ಅದು ಪುಣೆಯ ಡಿಸೆಂಬರ್ ಬೆಳಗಿನ ಚಳಿ. ಅದರಲ್ಲಿ ಗ್ಯಾಸ್ ಕಡಿಮೆ, ಮಾಲ್ಟ್ ಹೆಚ್ಚು, ಹಾಗಾಗಿ ಆ ಉಷ್ಣತೆ ಒಪ್ಪುತ್ತದೆ. ಜಪಾನಿನ ಅಸಾಹಿ ಕಂಪನಿ ತನ್ನ ಸೂಪರ್ ಡ್ರೈ ಲಾಗರನ್ನು 'ಎಕ್ಸ್‌ಟ್ರಾ ಕೋಲ್ಡ್' ಎಂದು ಮೈನಸ್ 2ರಿಂದ 0 ಡಿಗ್ರಿಯಲ್ಲಿ ಸುರಿದು ಕೊಡುತ್ತದೆ. ಬ್ರೆಜಿಲಿನಲ್ಲಿ ಬಾಟಲಿಯ ಮೈಮೇಲೆ ಬಿಳಿ ಹಿಮದ ಪದರ ಇರಲೇಬೇಕು, ಅದಕ್ಕೆ 'ಮದುಮಗಳ ಮುಸುಕು' ಎಂದೇ ಹೆಸರು. ಜರ್ಮನಿಯಲ್ಲಿ ಇದರ ತದ್ವಿರುದ್ಧ ವಸ್ತುವೊಂದಿದೆ: ಬಿಸಿನೀರು ತುಂಬಿದ ಲೋಹದ ಕೊಳವೆ. ಬಿಯರ್ ಹಲ್ಲಿಗೆ ಚುಚ್ಚುವಷ್ಟು ತಣ್ಣಗಿದ್ದರೆ ಹಿರಿಯರು ಅದನ್ನು ಗ್ಲಾಸಿಗೆ ಇಳಿಬಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ನಮ್ಮ ಕಡೆ ಬಿಯರ್ ತಣ್ಣಗೆ ಮಾಡುವ ಹಂಬಲ ಫ್ರಿಜ್ಜಿಗಿಂತ ಬಹಳ ಹಳೆಯದು. ಕಂಪನಿ ಸರಕಾರದ ಕಾಲದಲ್ಲಿ ಸಾಹೇಬರ ಮನೆಗಳಲ್ಲಿ ಆಬ್ದಾರ್ ಎಂಬ ಆಳು ಇರುತ್ತಿದ್ದ. ಅವನು ನೀರಿನಲ್ಲಿ ಪೆಟ್ಲುಪ್ಪು ಕರಗಿಸಿ ಅದರೊಳಗೆ ಬಾಟಲಿ ತಿರುಗಿಸಿ ತಣ್ಣಗೆ ಮಾಡುತ್ತಿದ್ದ. ಪೆಟ್ಲುಪ್ಪು ಕರಗುವಾಗ ನೀರಿನ ಶಾಖವನ್ನು ಹೀರುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಐಸ್ ಹೊತ್ತ ಹಡಗು ಕಲ್ಕತ್ತೆಗೆ ಬಂತು. ಸ್ವಲ್ಪ ಕಾಲದಲ್ಲೇ ಬೊಂಬಾಯಿಗೂ ಬರತೊಡಗಿತು. ಯಂತ್ರದಿಂದ ಚಳಿ ಹುಟ್ಟಿಸುವ ಕೆಲಸಕ್ಕೂ ಬಿಯರಿಗೂ ಹಳೆಯ ನಂಟು: 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತನ್ನ ಮೊದಲ ಶೀತಲ ಯಂತ್ರವನ್ನು ಪ್ರಯೋಗಿಸಿದ್ದು ಮ್ಯೂನಿಕ್ಕಿನ ಷ್ಪಾಟನ್ ಬ್ರೂವರಿಯಲ್ಲಿ.

ಇನ್ನು ಗ್ಲಾಸಿನ ವಿಷಯ. ಮುಂಬಯಿಯಲ್ಲಿ ಅತಿ ಹೆಚ್ಚು ಬಿಯರ್ ಕೆಡುವುದು ಇಲ್ಲಿಯೇ, ಆದರೆ ಬೈಗುಳ ಬೀಳುವುದು ಫ್ರಿಜ್ಜಿಗೆ.

ಹಿಡಿ ಇರುವ ದಪ್ಪ ಗಾಜಿನ ಮಗ್ ಸುಮಾರು 350 ಗ್ರಾಂ ತೂಗುತ್ತದೆ. ಅದು 32 ಡಿಗ್ರಿಯ ಕೋಣೆಯಲ್ಲಿ ಬೋರಲು ಇಟ್ಟಿರುತ್ತದೆ. ಅದಕ್ಕೆ 4 ಡಿಗ್ರಿಯ 330 ಎಂಎಲ್ ಬಿಯರ್ ಸುರಿಯಿರಿ. ಗಾಜು ತನ್ನ ಶಾಖವನ್ನು ಬಿಯರಿಗೆ ಬಿಟ್ಟು ಎರಡೂ ಸಮವಾಗುವ ಹೊತ್ತಿಗೆ ಬಿಯರ್ 9 ಡಿಗ್ರಿಗೆ ಬಂದಿರುತ್ತದೆ. ಒಂದು ಗುಟುಕೂ ಕುಡಿಯುವ ಮೊದಲೇ 5 ಡಿಗ್ರಿ ಹೋಯಿತು. 200 ಗ್ರಾಮಿನ ತೆಳು ಗ್ಲಾಸಾದರೆ 7ಕ್ಕೆ ನಿಲ್ಲುತ್ತದೆ. ಆಗಷ್ಟೇ ಬಿಸಿನೀರಿನಲ್ಲಿ ತೊಳೆದು ತಂದ ಮಗ್ ಆದರೆ ಇನ್ನೂ ಮೇಲೆ. ಫ್ರಿಜ್ಜು ಎಷ್ಟು ಚೆನ್ನಾಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಇದಕ್ಕೆ ಪರಿಹಾರವೆಂದು ಮಗ್ಗನ್ನು ಫ್ರೀಜರಿನಲ್ಲಿ ಇಡುವವರಿದ್ದಾರೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ಒಳಮೈಗೆ ಹಿಡಿದ ಹಿಮದ ಮೊನೆಗಳಿಗೆ ತಾಗಿದ ಕೂಡಲೇ ಬಿಯರಿನ ಗ್ಯಾಸ್ ಸಿಡಿದು ಅರ್ಧ ಮಗ್ ನೊರೆಯಾಗುತ್ತದೆ, ಉಳಿದದ್ದರಲ್ಲಿ ಚುರುಕಿಲ್ಲ. ಹಿಮ ಕರಗಿ ನೀರು ಸೇರುತ್ತದೆ. ಇನ್ನೊಂದು, ಆ ಫ್ರೀಜರಿನಲ್ಲೇ ಅಂಜಲ್, ಬಂಗುಡೆ ಇರುತ್ತವೆ. ಹಿಮ ಆ ವಾಸನೆ ಹೀರಿಕೊಂಡಿರುತ್ತದೆ. ಮೊದಲ ಗುಟುಕಿಗೇ ಮೀನು.

ಸರಿಯಾದ ಕ್ರಮ ಸುಲಭ. ಬಕೆಟ್ಟಿನಲ್ಲಿ ಕುಡಿಯುವ ನೀರು, ಅದರಲ್ಲಿ ಐಸ್. ಸಾಬೂನಿನ ಜಿಡ್ಡು ಪೂರ್ತಿ ಹೋಗುವಂತೆ ತೊಳೆದ ಗ್ಲಾಸನ್ನು ಅದರಲ್ಲಿ ಒಂದು ನಿಮಿಷ ಮುಳುಗಿಸಿ, ಎತ್ತಿ, ನೀರು ಕೊಡವಿ, ಒರೆಸದೆ ಹಾಗೆಯೇ ಸುರಿಯಿರಿ. ಒರೆಸುವ ಬಟ್ಟೆಯಲ್ಲಿ ಎಣ್ಣೆ ಇರುತ್ತದೆ, ಎಣ್ಣೆ ನೊರೆಯನ್ನು ತಿನ್ನುತ್ತದೆ. ಗ್ಲಾಸ್ ಜಿಡ್ಡಿಲ್ಲದೆ ಇದೆಯೇ ಎಂದು ಗೊತ್ತಾಗಬೇಕಾದರೆ ಸುರಿದ ಮೇಲೆ ಪಕ್ಕದಿಂದ ನೋಡಿ. ಗುಳ್ಳೆಗಳು ಗೋಡೆಗೆ ಅಂಟಿ ನಿಂತಿದ್ದರೆ ಅಲ್ಲಿ ಕೊಳೆ ಇದೆ. ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು ಮುಕ್ಕಾಲು ಭಾಗ ಸುರಿದು, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳು ನೊರೆ ಬರಿಸಿ. ಆ ನೊರೆ ಬೆಚ್ಚನೆ ಗಾಳಿಗೂ ಬಿಯರಿಗೂ ನಡುವೆ ಹೊದಿಕೆಯಾಗುತ್ತದೆ.

ಹಳೆಯ ಪರ್ಮಿಟ್ ರೂಮುಗಳ ಸಾದಾ, ಸಣ್ಣ, ಸುಮಾರು 250 ಎಂಎಲ್ ಗ್ಲಾಸು ನಮ್ಮ ಹವೆಗೆ ದೊಡ್ಡ ಮಗ್ಗಿಗಿಂತ ಎಷ್ಟೋ ಮೇಲು. ಜರ್ಮನಿಯ ಕಲೋನಿನಲ್ಲಿ ಕೋಲ್ಷ್ ಬಿಯರನ್ನು ಕೊಡುವುದೇ 200 ಎಂಎಲ್ ಗ್ಲಾಸಿನಲ್ಲಿ, ಅಲ್ಲಿ ನಮ್ಮಷ್ಟು ಸೆಕೆಯೂ ಇಲ್ಲ. 650 ಎಂಎಲ್ ಬಾಟಲಿ ತೆಗೆದು ಇಬ್ಬರು ಹಂಚಿಕೊಳ್ಳುತ್ತಾ, ಒಂದು ಸಲಕ್ಕೆ 150 ಎಂಎಲ್‌ನಷ್ಟೇ ಸುರಿದುಕೊಂಡು, ಬಾಟಲಿಯನ್ನು ಐಸ್‌ನೀರಿನ ಬಕೆಟ್ಟಿಗೆ ಹಿಂತಿರುಗಿಸುವುದು ಒಳ್ಳೆಯ ಪದ್ಧತಿ. ಒಬ್ಬರೇ ಕೂತರೆ 330 ಎಂಎಲ್ ಪಿಂಟ್ ತೆಗೆದುಕೊಳ್ಳಿ. ಎಂಎಲ್ ಲೆಕ್ಕದಲ್ಲಿ ನಾಲ್ಕು ಕಾಸು ಹೆಚ್ಚಾದೀತು, ಕೊನೆಯ ಗುಟುಕೂ ಬಿಯರಾಗಿಯೇ ಇರುತ್ತದೆ. ಗೋವಾದಲ್ಲಿ ಕಿಂಗ್ಸ್‌ನಂಥ ಪುಟ್ಟ ಬಾಟಲಿಗಳು ಬೀಚಿನಲ್ಲಿ ಜನಪ್ರಿಯವಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಗ್ಲಾಸಿನಲ್ಲಿ ಬಿಯರ್ ಬೆಚ್ಚಗಾಗುವ ವೇಗ ಊರಿಂದ ಊರಿಗೆ ಬೇರೆ. ಮೇ ತಿಂಗಳ ಮುಂಬಯಿಯಲ್ಲಿ ಬಾಟಲಿ ತಂದಿಟ್ಟ ಒಂದೇ ನಿಮಿಷದಲ್ಲಿ ಮೈತುಂಬ ಬೆವರು. ಆ ಬೆವರನ್ನು ನೋಡಿ ಬಾಯಲ್ಲಿ ನೀರೂರುತ್ತದೆ, ಆದರೆ ಬಿಯರನ್ನು ಬಿಸಿ ಮಾಡುತ್ತಿರುವುದು ಅದೇ. ಗಾಳಿಯ ತೇವ ಗಾಜಿನ ಮೇಲೆ ನೀರಾಗುವಾಗ ಗ್ರಾಮಿಗೆ ಸುಮಾರು 2,450 ಜೂಲ್ ಶಾಖ ಬಿಡುತ್ತದೆ. 330 ಎಂಎಲ್ ಕ್ಯಾನಿನ ಮೇಲೆ ಬರೀ 3 ಗ್ರಾಂ, ಅಂದರೆ ಅರ್ಧ ಚಮಚದಷ್ಟು ಇಬ್ಬನಿ ಕೂತರೂ ಒಳಗಿನ ಬಿಯರ್ 5 ಡಿಗ್ರಿ ಏರುತ್ತದೆ. ಮುಂಬಯಿಯ ಮೇ ಗಾಳಿ 25 ಡಿಗ್ರಿಯ ಆಸುಪಾಸಿನಲ್ಲೇ ನೀರಾಗತೊಡಗುವಷ್ಟು ತೇವದ್ದು, ಹಾಗಾಗಿ ಬಿಯರ್ ಬೆಚ್ಚಗಾಗುವವರೆಗೂ ಬೆವರು ನಿಲ್ಲುವುದಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೂ ಗಾಳಿ ಒಣ. ಬಾಟಲಿ ಅಷ್ಟು ಬೆವರುವುದಿಲ್ಲ, ಬೆವರಿದರೂ 10 ಡಿಗ್ರಿ ದಾಟುವ ಹೊತ್ತಿಗೆ ನಿಲ್ಲುತ್ತದೆ.

ಹಾಗಾಗಿ ಎರಡು ಊರಿಗೆ ಎರಡು ಉಪಾಯ. ಪುಣೆಯಲ್ಲಿ ಬಿಯರ್ ಕ್ರೇಟಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಗಾಳಿಯಾಡುವ ನೆರಳಿನಲ್ಲಿಟ್ಟರೆ 38ರ ಬಿಸಿಲಲ್ಲೂ 22, 23ಕ್ಕೆ ಇಳಿಯುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವ ವಿದ್ಯೆಯೇ ಇದು. ಆಮೇಲೆ ಐಸ್ ಅಷ್ಟು ಕಡಿಮೆ ಸಾಕು. ಮುಂಬಯಿಯ ಮೇನಲ್ಲಿ ಇದೇ ಗೋಣಿತಾಟು ದಂಡ, ನೀರು ಆರುವುದೇ ಇಲ್ಲ. ಮುಂಬಯಿಯಲ್ಲಿ ಬೇಕಾದದ್ದು ಬಾಟಲಿಗೆ ತೊಡಿಸುವ ಒಣ ಫೋಮಿನ ಚೀಲ. ಅದು ಇಬ್ಬನಿ ಕೂರಲು ಜಾಗವನ್ನೇ ಕೊಡುವುದಿಲ್ಲ. ಅದಿಲ್ಲದಿದ್ದರೆ ನಿಮಗೆ ಬೇಕಾದ ಉಷ್ಣತೆಗಿಂತ 3 ಡಿಗ್ರಿ ಕೆಳಗೆ ಸುರಿಯಿರಿ. ಫ್ಯಾನಿನ ಕೆಳಗೆ ಕೂತರೆ 10 ನಿಮಿಷದಲ್ಲಿ 4, 5 ಡಿಗ್ರಿ ಏರುತ್ತದೆ. ಎಸಿಯಲ್ಲಿ ಅದರ ಅರ್ಧ.

ಐಸ್‌ಪೆಟ್ಟಿಗೆಗೆ ಬರೋಣ. ಟೆರೇಸಿನ ಊಟಕ್ಕಾಗಲಿ, ಗೋವಾದ ಬೀಚಿಗಾಗಲಿ ಬಹಳ ಮಂದಿ ಮಾಡುವ ತಪ್ಪು ನೀರು ಹಾಕದೆ ಬರೀ ಐಸಿನ ತುಂಡುಗಳ ನಡುವೆ ಬಾಟಲಿ ಹೂಳುವುದು. ಐಸ್ ತುಂಡು ಬಾಟಲಿಗೆ ನಾಲ್ಕು ಕಡೆ ಮಾತ್ರ ತಾಗುತ್ತದೆ, ಉಳಿದ ಕಡೆ ಗಾಳಿ. ನೀರು ಸುರಿದರೆ ಚಳಿ ಮೈತುಂಬ ತಾಗುತ್ತದೆ, ಹೊತ್ತು ಅರ್ಧಕ್ಕೆ ಇಳಿಯುತ್ತದೆ. 650 ಎಂಎಲ್‌ನ 12 ಬಾಟಲಿಗಳನ್ನು 32ರಿಂದ 5ರ ಹತ್ತಿರಕ್ಕೆ ತರಲು ಬೇಕಾದದ್ದು: 8 ಲೀಟರ್ ನೀರು, 8ರಿಂದ 10 ಕಿಲೋ ಐಸ್. ಬಾಟಲಿಗಳಿಗೇ 3 ಕಿಲೋದಷ್ಟು ಹೋಗುತ್ತದೆ, ನೀರನ್ನು ತಣ್ಣಗೆ ಮಾಡಲು ಎರಡೂವರೆ, ಉಳಿದದ್ದು ಹೊರಗಿನ ಸೆಕೆಗೆ. ನೀರನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟಿದ್ದರೆ 2 ಕಿಲೋ ಉಳಿತಾಯ. ಐಸಿನ ಲಾದಿ, ಅಂದರೆ ದೊಡ್ಡ ಗಡ್ಡೆ, ತಂದರೆ ಗೋಣಿಯೊಳಗಿಟ್ಟು ನಿಂಬೆಹಣ್ಣಿನ ಗಾತ್ರಕ್ಕೆ ಒಡೆಯಿರಿ. ಇಡೀ ಲಾದಿ ನಿಧಾನವಾಗಿ ಕರಗುತ್ತದೆ, ಅಷ್ಟೇ ನಿಧಾನವಾಗಿ ತಂಪು ಮಾಡುತ್ತದೆ. ಬಾಟಲಿಗಳನ್ನು ಕತ್ತಿನವರೆಗೆ ಮುಳುಗಿಸಿ, 10 ನಿಮಿಷಕ್ಕೊಮ್ಮೆ ಒಂದು ಸುತ್ತು ತಿರುಗಿಸಿ. ಅರ್ಧ ಗಂಟೆಯಲ್ಲಿ ಬಿಯರ್ ತಯಾರು. ಕ್ಯಾನಾದರೆ 15 ನಿಮಿಷ.

ಅವಸರವಿದ್ದರೆ ಉಪ್ಪು. 8 ಲೀಟರ್ ನೀರಿಗೆ 250 ಗ್ರಾಂ ಕಲ್ಲುಪ್ಪು ಹಾಕಿದರೆ ನೀರು ಮೈನಸ್ 2ರ ಹತ್ತಿರಕ್ಕೆ ಇಳಿಯುತ್ತದೆ. 5% ಬಿಯರ್ ಹೆಪ್ಪುಗಟ್ಟುವುದು ಮೈನಸ್ 2ರಿಂದ 3ರ ನಡುವೆ, 8% ಸ್ಟ್ರಾಂಗ್ ಸುಮಾರು ಮೈನಸ್ 4ರಲ್ಲಿ. 250 ಗ್ರಾಂ ಅಪಾಯವಿಲ್ಲದ ಅಳತೆ. ಕಿಲೋಗಟ್ಟಲೆ ಸುರಿದರೆ ಬಾಟಲಿಯ ಅಂಚಿನ ಬಿಯರ್ ಗಟ್ಟಿಯಾಗತೊಡಗುತ್ತದೆ. ಉಪ್ಪುನೀರಿನಿಂದ ತೆಗೆದ ಬಾಟಲಿಯ ಬಾಯಿ ಒರೆಸಿಯೇ ಮುಚ್ಚಳ ತೆಗೆಯಿರಿ.

ಆ ಪೆಟ್ಟಿಗೆಯ ಐಸನ್ನು ಮಾತ್ರ ಗ್ಲಾಸಿಗೆ ಹಾಕಬೇಡಿ. ಮಹಾರಾಷ್ಟ್ರದಲ್ಲಿ 2018ರಿಂದ ಸೇವಿಸಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಸೇರಿಸಬೇಕೆಂಬ ನಿಯಮವಿದೆ. ಕುಡಿಯುವ ನೀರಿನ ಐಸಾದರೆ ಬಿಯರಿಗೆ ಹಾಕಬಾರದೆಂದೇನೂ ಇಲ್ಲ. ವಿಯೆಟ್ನಾಂ, ಥಾಯ್ಲೆಂಡಿನಲ್ಲಿ ಅದೇ ರೂಢಿ. 250 ಎಂಎಲ್ ಬಿಯರ್ 12ರಿಂದ 5ಕ್ಕೆ ಇಳಿಯಲು 20 ಗ್ರಾಮಿನ ಒಂದು ಕ್ಯೂಬು ಕರಗಿದರೆ ಸಾಕು. 8% ಸ್ಟ್ರಾಂಗ್ 7.4% ಆಗುತ್ತದೆ, ಕುಡಿಯಲು ಅಡ್ಡಿಯಿಲ್ಲ. ಮೈಲ್ಡಿಗೆ ಹಾಕಿದರೆ ನೀರುನೀರು.

ಫ್ರೀಜರಿನಲ್ಲಿ ಇಡಲೇಬೇಕೆಂದರೆ ಮೊಬೈಲಿನಲ್ಲಿ ಅಲಾರಾಂ ಇಟ್ಟೇ ಇಡಿ. ಮನೆಯ ಫ್ರೀಜರ್ ಮೈನಸ್ 18ರದ್ದು. ಪಿಂಟಿಗೆ 40 ನಿಮಿಷ, ದೊಡ್ಡ ಬಾಟಲಿಗೆ ಒಂದು ಗಂಟೆ, ಅಷ್ಟೇ. ಮರೆತರೆ ನೀರು ಗಟ್ಟಿಯಾಗುತ್ತ ಹಿಗ್ಗಿ ಬಾಟಲಿ ಸೀಳುತ್ತದೆ, ಚೂರುಗಳನ್ನು ತರಕಾರಿಯ ನಡುವಿನಿಂದ ಹೆಕ್ಕಬೇಕು. ಕೆಲವೊಮ್ಮೆ ಬಾಟಲಿ ನೋಡಲು ಸರಿಯಾಗಿಯೇ ಇರುತ್ತದೆ, ಬಿಯರ್ ನೀರಿನ ಹಾಗೆ ಕುಲುಕುತ್ತದೆ. ಮುಚ್ಚಳ ತೆಗೆದ ಕ್ಷಣ ಕಣ್ಣೆದುರಿಗೇ ಮೇಲಿನಿಂದ ಕೆಳಕ್ಕೆ ಬಿಳಿ ಹಿಮ ಇಳಿದು ಇಡೀ ಬಾಟಲಿ ಗೋಲಾದಂತಾಗುತ್ತದೆ. ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗಿಳಿದಿದ್ದರೂ ಹರಳು ಕಟ್ಟಲು ನೆಪ ಸಿಗದೆ ದ್ರವವಾಗಿ ಕಾಯುತ್ತಿದ್ದ ಬಿಯರಿಗೆ, ಒತ್ತಡ ಹೋದಾಗ ಏಳುವ ಗುಳ್ಳೆಗಳೇ ನೆಪ. ಫ್ರೀಜರಿನಲ್ಲಿ ಹೊತ್ತು ಮೀರಿತೆಂದು ಅನುಮಾನ ಬಂದರೆ ಕುಟ್ಟದೆ, ಅಲುಗಿಸದೆ 10 ನಿಮಿಷ ಹೊರಗಿಟ್ಟು ಆಮೇಲೆ ತೆಗೆಯಿರಿ. ಪೂರ್ತಿ ಗಟ್ಟಿಯಾಗಿ ಕರಗಿದ ಬಿಯರಿನಲ್ಲಿ ಪ್ರೋಟೀನು ಹತ್ತಿಯ ಹಾಗೆ ಕಟ್ಟಿಕೊಂಡು ತೇಲುತ್ತದೆ. ಅದು ಮತ್ತೆ ಸರಿಹೋಗುವುದಿಲ್ಲ. 3, 4 ಡಿಗ್ರಿಯಲ್ಲಿ ಕಾಣುವ ತೆಳು ಮಬ್ಬು ಬೇರೆ. ಅದು ಬೆಚ್ಚಗಾದಂತೆ ತಿಳಿಯಾಗುತ್ತದೆ, ಬಿಯರ್ ಕೆಟ್ಟಿಲ್ಲ.

ಬಾರ್ ನಡೆಸುವವರಿಗೆ ಹೇಳಬೇಕಾದದ್ದು ಹೊತ್ತಿನ ವಿಷಯ. ಗಾಜಿನ ಬಾಗಿಲಿನ ವಿಸಿ ಕೂಲರಿನಲ್ಲಿ ದೊಡ್ಡ ಬಾಟಲಿ ಒಳಗಿನವರೆಗೆ ತಣ್ಣಗಾಗಲು 6 ಗಂಟೆ ಬೇಕು. ಸಂಜೆ 7ರಿಂದ 10ರವರೆಗೆ ಬಾಗಿಲು ನಿಮಿಷಕ್ಕೊಮ್ಮೆ ತೆರೆಯುವಾಗ ಇನ್ನೂ ಹೆಚ್ಚು. 8 ಗಂಟೆಗೆ ಸ್ಟಾಕ್ ಮುಗಿಯಿತೆಂದು ಗೋಡೌನಿನ ಕ್ರೇಟ್ ತುಂಬಿದರೆ ಆ ಬಾಟಲಿ 9ಕ್ಕೆ 20 ಡಿಗ್ರಿಯ ಮೇಲೆಯೇ ಮೇಜಿಗೆ ಹೋಗುತ್ತದೆ, ಜೊತೆಗೆ ಹಳೆಯ ತಣ್ಣನೆ ಬಾಟಲಿಗಳನ್ನೂ ಬೆಚ್ಚಗೆ ಮಾಡಿರುತ್ತದೆ. ತುಂಬುವ ಕೆಲಸ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಆಗಬೇಕು: ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ. ಹಿಂಗೋಡೆಯ ಫ್ಯಾನಿಗೆ ನಾಲ್ಕು ಬೆರಳು ಜಾಗ ಬಿಡಿ, ಒತ್ತಿ ತುಂಬಿದರೆ ಗಾಳಿ ಮುಂದಿನ ಸಾಲಿಗೆ ಬರುವುದೇ ಇಲ್ಲ. ಗುಬುಟಿನ ಮೇಲಿನ 1, 2, 3 ಡಿಗ್ರಿಯಲ್ಲ. ಮಧ್ಯದ ಹಲಗೆಯ ಮೇಲೆ ನೀರು ತುಂಬಿದ ಬಾಟಲಿಯಲ್ಲಿ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ನೋಡಿ, 3 ತೋರಿಸಬೇಕು. ಬಾಗಿಲಿನ ರಬ್ಬರಿಗೆ 10 ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸತ್ತಿದೆ. ಅಡುಗೆಮನೆಯ ಎಣ್ಣೆ ಹೊಗೆ ಹಿಡಿದ ಕಂಡೆನ್ಸರ್ ಕಾಯಿಲನ್ನು ತಿಂಗಳಿಗೊಮ್ಮೆ ಬ್ರಷ್ ಮಾಡದಿದ್ದರೆ ಮೆಕ್ಯಾನಿಕ್ಕಿಗೆ ಗ್ಯಾಸಿನ ದುಡ್ಡು ಸುಮ್ಮನೆ ಕೊಡುತ್ತಿರಬೇಕಾಗುತ್ತದೆ.

ಒಮ್ಮೆ ತಣ್ಣಗಾದ ಬಿಯರ್ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಕೆಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ, ಅದು ಸರಿಯಲ್ಲ. ಕೆಡಿಸುವುದು ಬಿಸಿಯಲ್ಲಿ ಕಳೆದ ಒಟ್ಟು ಹೊತ್ತು. ಬ್ರೂವರಿಯವರ ಬಾಯಿಲೆಕ್ಕ ಹೀಗೆ: 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಮೂರೂ ಬಿಯರಿಗೆ ಒಂದೇ ಮುಪ್ಪು ತರುತ್ತವೆ. ಮುಪ್ಪಾದ ಬಿಯರಿಗೆ ಒದ್ದೆ ರಟ್ಟಿನ ವಾಸನೆ. ಎಷ್ಟು ತಣ್ಣಗೆ ಮಾಡಿದರೂ ಅದು ಹೋಗುವುದಿಲ್ಲ, ಅಡಗುತ್ತದೆ ಅಷ್ಟೇ. ಬಿಸಿಲಿನ ಪೆಟ್ಟು ಬೇರೆಯೇ: ಹಾಪ್ಸಿನ ಕಹಿ ಬೆಳಕಿಗೆ ಒಡೆದು ಗಂಧಕದ ದುರ್ನಾತ ಹುಟ್ಟುತ್ತದೆ, ಹಸಿರು ಮತ್ತು ಬಿಳಿ ಬಾಟಲಿಯಲ್ಲಿ ನಿಮಿಷಗಳಲ್ಲೇ. ವೈನ್ ಶಾಪಿನಲ್ಲಿ ಬಿಸಿಲು ಬೀಳುವ ಸಾಲಿನ ಹಸಿರು ಬಾಟಲಿ ತೆಗೆದುಕೊಳ್ಳಬೇಡಿ, ಹಿಂದಿನ ಕತ್ತಲೆ ಸಾಲಿನಿಂದ ಕೇಳಿ.

ಬಾಟಲಿಯನ್ನು ನೀರಿನ ಲೋಟಕ್ಕೆ ಬೋರಲು ಹಾಕಿ 'ಗ್ಲಿಸರಿನ್ ತೆಗೆಯುವ' ಪದ್ಧತಿಯ ಬಗ್ಗೆಯೂ ಒಂದು ಮಾತು. ಎಣ್ಣೆಯ ಎಳೆಯಂತೆ ಕೆಳಗಿಳಿಯುವುದು ಗ್ಲಿಸರಿನ್ ಅಲ್ಲ, ಬಿಯರೇ. ಉಳಿದ ಸಕ್ಕರೆಯಿಂದಾಗಿ ಅದು ನೀರಿಗಿಂತ ತುಸು ಭಾರ, ಹಾಗಾಗಿ ಕೆಳಗೆ ಜಾರುತ್ತದೆ. ಆ ಜಾಗಕ್ಕೆ ಲೋಟದ ಬೆಚ್ಚನೆ ನೀರು ಬಾಟಲಿಯೊಳಗೆ ಏರುತ್ತದೆ. ತಣ್ಣನೆ ಬಿಯರ್ ಚೆಲ್ಲಿ ಬೆಚ್ಚನೆ ನೀರು ಬೆರೆಸಿಕೊಂಡಂತೆ.

ನಲ್ಲಿಯ ಬಿಯರಿಗೆ ಪುಣೆ ಹೆಸರುವಾಸಿ. 2009ರಲ್ಲಿ ದೂಲಲಿ ಶುರುವಾದದ್ದು ಅಲ್ಲಿಯೇ, ದೇಶದ ಮೊದಮೊದಲ ಮೈಕ್ರೊಬ್ರೂವರಿಗಳಲ್ಲಿ, ಅಂದರೆ ತಾನೇ ಬಿಯರ್ ಮಾಡಿ ಬಡಿಸುವ ಸಣ್ಣ ಬ್ರೂವರಿಗಳಲ್ಲಿ ಒಂದು. ನಲ್ಲಿಯಲ್ಲಿ ಉಷ್ಣತೆ ಮತ್ತು ಒತ್ತಡ ಜೋಡೆತ್ತು. ಕೆಗ್, ಅಂದರೆ ಬಿಯರಿನ ಲೋಹದ ಪೀಪಾಯಿ, 3 ಡಿಗ್ರಿಯಲ್ಲಿದ್ದರೆ ಸಾಮಾನ್ಯ ಮಟ್ಟದ ಗ್ಯಾಸ್ ಹಿಡಿದಿಡಲು 11 ಪಿಎಸ್‌ಐ ಒತ್ತಡ ಸಾಕು, 8 ಡಿಗ್ರಿಗೆ ಏರಿದರೆ 15 ಬೇಕು. ಬಿಯರ್ ಬೆಚ್ಚಗಾಗಿ ನೊರೆ ಉಕ್ಕತೊಡಗಿದಾಗ ಹೊಸಬರು ಒತ್ತಡ ತಗ್ಗಿಸುತ್ತಾರೆ. ಆಗ ಗ್ಯಾಸ್ ಪೈಪಿನೊಳಗೇ ಬಿಟ್ಟುಕೊಂಡು ನೊರೆ ಇನ್ನೂ ಹೆಚ್ಚುತ್ತದೆ. ತಗ್ಗಿಸಬೇಕಾದದ್ದು ಉಷ್ಣತೆ. ದಿನದ ಮೊದಲ ಗ್ಲಾಸಿನಲ್ಲಿ ಬರುವ ನೊರೆ ಮಾತ್ರ ಬೆಚ್ಚಗಿರುವ ನಲ್ಲಿಯದ್ದು, 100 ಎಂಎಲ್ ಚೆಲ್ಲಿದರೆ ಸರಿಹೋಗುತ್ತದೆ. ಅಲ್ಲಿ ಎಲ್ಲ ಬಿಯರೂ ಒಂದೇ ಚಳಿಯಲ್ಲಿ ಬರುತ್ತವೆ. ಆದ್ದರಿಂದ ಗೋಧಿ ಬಿಯರನ್ನು 5 ನಿಮಿಷ, ಸ್ಟೌಟನ್ನು 15 ನಿಮಿಷ ಮೇಜಿನ ಮೇಲೆ ಬಿಟ್ಟು ಕುಡಿಯುವುದು ಕುಡಿಯುವವರ ಕೈಯಲ್ಲೇ ಇದೆ.

ಜೊತೆಗೆ ತಿನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೋರಿ ಸುಕ್ಕ, ಬಂಗುಡೆ ಪುಳಿಮುಂಚಿಯ ಖಾರಕ್ಕೆ 4 ಡಿಗ್ರಿಯ ಮೈಲ್ಡ್. ಚಳಿ ಉರಿಯನ್ನು ತಣಿಸುತ್ತದೆ, ಕಹಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಖಾರದ ಜೊತೆ 10 ಡಿಗ್ರಿಯ ಐಪಿಎ ಕುಡಿದರೆ ಕಹಿಯೂ ಖಾರವೂ ಒಂದನ್ನೊಂದು ಕೆರಳಿಸುತ್ತವೆ. ಬೇಯಿಸಿದ ಶೇಂಗಾ, ಹುರಿದ ಗೋಡಂಬಿ ಇದ್ದರೆ ಯಾವುದಾದರೂ ನಡೆಯುತ್ತದೆ.

ಜುಲೈಯಲ್ಲಿ ಮಳೆ ಹಿಡಿದು ಮುಂಬಯಿಯ ಮನೆಯೊಳಗೆ 27 ಡಿಗ್ರಿ ಇರುವಾಗ ಸ್ಟೌಟ್ ಕುಡಿಯುವ ಕಾಲ. 330 ಎಂಎಲ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು, ಮೈ ಒರೆಸಿ, ಮುಚ್ಚಳ ತೆಗೆಯದೆ 15 ನಿಮಿಷ ಮೇಜಿನ ಮೇಲಿಡಿ. ತೊಳೆದು ಒಣಗಿಸಿದ ಗ್ಲಾಸನ್ನು ಈ ಸಲ ಐಸ್‌ನೀರಿಗೆ ಅದ್ದುವುದು ಬೇಡ, ಉಳಿದ 2, 3 ಡಿಗ್ರಿಯನ್ನು ಗಾಜೇ ಕೊಡುತ್ತದೆ. ಸುರಿದು ಸೂಜಿ ಇಳಿಸಿ ನೋಡಿ. 11 ತೋರಿಸಿದಾಗ ಹುರಿದ ಕಾಫಿಬೀಜದ, ಸುಟ್ಟ ಬೆಲ್ಲದ ವಾಸನೆ ನೊರೆಯ ಮೇಲೆ ಬಂದಿರುತ್ತದೆ.